ಕಾಲ್ಚಿಸಿನ್ ತಡೆಯುವುದು ಏನನ್ನು? ಸೈಟೋಸ್ಕೆಲಿಟನ್ ಮತ್ತು ಡಿಎನ್‌ಎ ನಕಲು

"ಕಾಲ್ಚಿಸಿನ್ ಡಿಎನ್‌ಎ ನಕಲಾಗುವುದನ್ನು ತಡೆಯುತ್ತದೆ." ಕೋಶವಿಭಜನೆ ನಿಲ್ಲಿಸುವ ಈ ವಿಷವಸ್ತುವಿನ ಬಗ್ಗೆ ಕೋಶವಿಜ್ಞಾನದ ಉತ್ತರಗಳಲ್ಲಿ ಬರುವ ಈ ವಾಕ್ಯ ತಪ್ಪು. ಯಾಕೆ ತಪ್ಪು ಎಂದು ತಿಳಿದರೆ ಅಧ್ಯಾಯದ ಅರ್ಧ ತಿಳಿದಂತೆಯೇ.

ನಕಲು ತೆಗೆಯುವುದು ಡಿಎನ್‌ಎ ಪಾಲಿಮರೇಸ್ ಎಂಬ ಕಿಣ್ವ. ಕೋಶದೊಳಗಿನ ಪ್ರೊಟೀನು ಎಳೆಗಳ ಹಂದರವಾದ ಸೈಟೋಸ್ಕೆಲಿಟನ್ನಿನ ಮುಖ್ಯ ಪ್ರಭಾವ ನಕಲಿಗೆ ಮೊದಲು ಮತ್ತು ನಂತರ: ಕೋಶ ನಕಲು ನಡೆಯುವ ಎಸ್ ಹಂತಕ್ಕೆ ಹೋಗಬಹುದೇ ಎಂಬಲ್ಲಿ ಒಮ್ಮೆ, ನಕಲಾದದ್ದನ್ನು ಎರಡು ಪಾಲು ಮಾಡುವಲ್ಲಿ ಇನ್ನೊಮ್ಮೆ.

ಹಂದರ ಎಂದೊಡನೆ ತಿಕೋಟಾ ಕಡೆಯ ದ್ರಾಕ್ಷಿ ಚಪ್ಪರ ಕಣ್ಣಿಗೆ ಬರುತ್ತದೆ. ಆದರೆ ಚಪ್ಪರ ಒಮ್ಮೆ ನಟ್ಟರೆ ವರ್ಷಗಟ್ಟಲೆ ನಿಲ್ಲುತ್ತದೆ. ಸೈಟೋಸ್ಕೆಲಿಟನ್ನಿನ ಒಂದು ಭಾಗವಾದ ಮೈಕ್ರೊಟ್ಯೂಬ್ಯೂಲ್ ಕ್ಷಣಕ್ಷಣಕ್ಕೂ ಬೆಳೆಯುತ್ತ, ಕುಗ್ಗುತ್ತ ಇರುತ್ತದೆ. ಸುಮಾರು 25 ನ್ಯಾನೊಮೀಟರ್ ದಪ್ಪದ ಈ ಕೊಳವೆಯ ಗೋಡೆಯಲ್ಲಿ ಸಾಮಾನ್ಯವಾಗಿ 13 ಎಳೆ. ಕಾಲ್ಚಿಸಿನ್ ಈ ಕೊಳವೆ ಕಟ್ಟುವ ಪ್ರೊಟೀನಾದ ಬಿಡಿ ಟ್ಯುಬ್ಯುಲಿನ್‌ಗೆ ಅಂಟಿ ಹೊಸ ಜೋಡಣೆ ಕೆಡಿಸುತ್ತದೆ. ಕ್ರೋಮೊಸೋಮುಗಳನ್ನು ಎಳೆದು ಹಂಚುವ ಸ್ಪಿಂಡಲ್ ಕಟ್ಟುವುದೇ ಇಲ್ಲ.

ಇದನ್ನು ಉಳ್ಳಾಗಡ್ಡಿ ಬೇರಿನಲ್ಲಿ ಕಣ್ಣಾರೆ ನೋಡಬಹುದು. ಹೊಲದಿಂದ ಆಗಷ್ಟೇ ಕಿತ್ತ ಗಡ್ಡೆ ಬೇಗ ಬೇರು ಬಿಡದು. ಕೆಲವು ವಾರ ಒಣಗಿಸಿಟ್ಟದ್ದನ್ನು ಆರಿಸಿ. ಒಣಬೇರು ಕೆರೆದು, ತಳ ಮಾತ್ರ ನೀರಿಗೆ ತಾಗುವಂತೆ ಗ್ಲಾಸಿನ ಮೇಲೆ ಕೂರಿಸಿ, ದಿನಾಲೂ ನೀರು ಬದಲಿಸಿ. 20–25 ಡಿಗ್ರಿ ತಂಪು ಬೇಕು. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಬೇರು ಬೆಳೆಯುವುದಕ್ಕಿಂತ ಮೊದಲು ಕೊಳೆಯುತ್ತದೆ, ಹಾಗಾಗಿ ಈ ಪ್ರಾಕ್ಟಿಕಲ್ ಡಿಸೆಂಬರಿನಲ್ಲೇ ಮುಗಿಸುವುದು ಒಳ್ಳೆಯದು. ಬೇರು 1–2 ಸೆಂ.ಮೀ. ಆದಾಗ 0.05% ಕಾಲ್ಚಿಸಿನ್‌ನಲ್ಲಿ 3–4 ಗಂಟೆ ಇಡಿ. ಅದು ವಿಷ, ಕೈಗವಸು ಬಿಡಬೇಡಿ. ತೊಳೆದು, ಮೂರು ಪಾಲು ಎಥನಾಲ್, ಒಂದು ಪಾಲು ಗ್ಲೇಸಿಯಲ್ ಅಸಿಟಿಕ್ ಆಮ್ಲದಲ್ಲಿ 24 ಗಂಟೆ. ನಂತರ 60 ಡಿಗ್ರಿಯ 1 ನಾರ್ಮಲ್ ಎಚ್‌ಸಿಎಲ್‌ನಲ್ಲಿ 5–8 ನಿಮಿಷ. ಇಲ್ಲಿ ಅವಸರ ಮಾಡಿದರೆ ಕೋಶಗಳು ಗಂಟುಗಂಟಾಗಿ ಉಳಿಯುತ್ತವೆ. ಮೈಮರೆತರೆ ಬಣ್ಣ ಹತ್ತುವುದಿಲ್ಲ. ತುದಿಯ 1–2 ಮಿ.ಮೀ. ಮಾತ್ರ ಕತ್ತರಿಸಿ ಅಸಿಟೊಕಾರ್ಮಿನ್ ಬಣ್ಣ ಹಾಕಿ, ಕವರ್‌ಸ್ಲಿಪ್ಪನ್ನು ನೇರ ಒತ್ತಿ. ಪಕ್ಕಕ್ಕೆ ಜಾರಿತೋ, ಕ್ರೋಮೊಸೋಮುಗಳು ಪಕ್ಕದ ಕೋಶದವುಗಳ ಜೊತೆ ಬೆರೆತು ಎಣಿಕೆ ಕೆಡುತ್ತದೆ.

ಈಗ ನಿಧಾನವಾಗಿ ನೋಡಿ. 16 ಕ್ರೋಮೊಸೋಮುಗಳು ಸಾಲುಗಟ್ಟದೆ ಚೆಲ್ಲಾಪಿಲ್ಲಿಯಾಗಿವೆ. ಒಂದೊಂದೂ ಗುಣಾಕಾರದ ಗುರುತಿನಂತೆ: ಎರಡು ಕ್ರೊಮಾಟಿಡ್ (ನಕಲಾದ ಪ್ರತಿಗಳು), ಸೆಂಟ್ರೊಮಿಯರ್ ಎಂಬ ಜಾಗದ ಬಳಿ ಮಾತ್ರ ಜೋಡಣೆ. ಅಂದರೆ ಒಟ್ಟು 32 ಕ್ರೊಮಾಟಿಡ್. ಎಸ್ ಹಂತ ಮೊದಲೇ ಮುಗಿದಿರುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹೀಗೆಯೇ ಬಹಳ ಹೊತ್ತು ಸಿಕ್ಕಿಬಿದ್ದ ಕೋಶದಲ್ಲಿ ಕ್ರೊಮಾಟಿಡ್‌ಗಳು ಬಿಡಿಯಾಗುತ್ತವೆ, ಎಳೆಯುವವರಿಲ್ಲ. ಎಲ್ಲವೂ ಒಂದೇ ನ್ಯೂಕ್ಲಿಯಸ್ಸಿನೊಳಗೆ ಸೇರುತ್ತವೆ. ಆ ಕೋಶ ಮುಂದಿನ ಎಸ್ ಹಂತಕ್ಕೆ 32 ಕ್ರೋಮೊಸೋಮು ಹೊತ್ತುಕೊಂಡೇ ಹೋಗಬಲ್ಲದು. ನಕಲು ನಡೆದಿದೆ, ಹಂಚಿಕೆ ತಪ್ಪಿದೆ.

ಹೆಚ್ಚು ಹೊತ್ತು ಇಟ್ಟ ಬೇರಿನ ತುದಿ ಊದಿಕೊಳ್ಳುವುದನ್ನೂ ಗಮನಿಸಿ. ಇದನ್ನು ಹಲವರು ರೆಕಾರ್ಡಿನಲ್ಲಿ ಬರೆಯುವುದೇ ಇಲ್ಲ. ಪೊರೆಯ ಒಳಬದಿಯ ಮೈಕ್ರೊಟ್ಯೂಬ್ಯೂಲುಗಳು ಸೆಲ್ಯುಲೋಸ್ ಎಳೆ ಯಾವ ದಿಕ್ಕಿಗೆ ಹೋಗಬೇಕೆಂದು ದಾರಿ ತೋರುತ್ತವೆ. ಅವು ಹೋದರೆ ಕೋಶ ಉದ್ದಕ್ಕೆ ಬೆಳೆಯದೆ ಸುತ್ತಲೂ ಉಬ್ಬುತ್ತದೆ.

ಎಸ್ ಹಂತಕ್ಕೂ ಮೊದಲಿನ ತಡೆ ಪ್ರಾಣಿಕೋಶದಲ್ಲಿ ಸ್ಪಷ್ಟ. 1978ರಲ್ಲಿ ಫೋಕ್‌ಮನ್ ಮತ್ತು ಮಾಸ್ಕೋನಾ ತೋರಿಸಿದಂತೆ, ತಳಕ್ಕೆ ಚಪ್ಪಟೆಯಾಗಿ ಹರಡಿದ ಕೋಶಗಳಲ್ಲಿ ಡಿಎನ್‌ಎ ತಯಾರಿಕೆ ಹೆಚ್ಚು, ದುಂಡಗಾದವುಗಳಲ್ಲಿ ಕಡಿಮೆ. ಹರಡಿದ ಕೋಶದಲ್ಲಿ ಸೈಟೋಸ್ಕೆಲಿಟನ್ನಿನ ಇನ್ನೊಂದು ಭಾಗವಾದ ಆಕ್ಟಿನ್ ಎಳೆಗಳ ಬಿಗಿತದಿಂದ ಯಾಪ್ ಪ್ರೊಟೀನು ನ್ಯೂಕ್ಲಿಯಸ್ಸಿಗೆ ಹೋಗಿ, ಬೆಳವಣಿಗೆಯ ಜೀನುಗಳನ್ನು ಚಾಲೂ ಮಾಡುತ್ತದೆ. ಲ್ಯಾಟ್ರನ್‌ಕ್ಯುಲಿನ್‌ ಎಂಬ ರಾಸಾಯನಿಕದಿಂದ ಆಕ್ಟಿನ್ ಕಳಚಿದರೆ ಅನೇಕ ಬಗೆಯ ಕೋಶಗಳು ಎಸ್‌ಗೆ ಮುಂಚಿನ ಜಿ1 ಹಂತದಲ್ಲೇ ನಿಲ್ಲುತ್ತವೆ.

ಬ್ಯಾಕ್ಟೀರಿಯಾದಲ್ಲಿ ಮಾತು ಎದುರು ದಿಕ್ಕಿನಿಂದಲೂ ಬರುತ್ತದೆ: ಡಿಎನ್‌ಎಯ ಸ್ಥಿತಿ ಸೈಟೋಸ್ಕೆಲಿಟನ್ನನ್ನು ತಡೆಯುತ್ತದೆ. ಇ. ಕೋಲೈನಲ್ಲಿ ಟ್ಯುಬ್ಯುಲಿನ್ನಿನ ಸಂಬಂಧಿ ಎಫ್‌ಟಿಎಸ್‌ಝಡ್ ಉಂಗುರವಾಗಿ ಕೋಶವನ್ನು ನಡುವೆ ಇಬ್ಭಾಗ ಮಾಡುತ್ತದೆ. ಡಿಎನ್‌ಎಗೆ ಪೆಟ್ಟಾದಾಗ ಹುಟ್ಟುವ ಸುಲ್‌ಎ ಪ್ರೊಟೀನು ಆ ಉಂಗುರ ಕಟ್ಟಲು ಬಿಡುವುದಿಲ್ಲ. ಕೋಶ ಬೆಳೆಯುತ್ತಲೇ ಉದ್ದನೆಯ ದಾರವಾಗುತ್ತದೆ. ದುರಸ್ತಿ ಮುಗಿದ ಮೇಲೆ ಲಾನ್ ಎಂಬ ಪ್ರೊಟಿಯೇಸ್ ಸುಲ್‌ಎಯನ್ನು ಒಡೆದು ಹಾಕುತ್ತದೆ, ವಿಭಜನೆ ಮತ್ತೆ ಶುರು.