ತೊಳೆಯೋದು ಯಾವುದರಿಂದ ಅಂತ ಕೇಳಿ

ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಿಂದ ವಾಪಸ್ ಬಂದ ಸೆನ್ಸರ್ ನನ್ನ ಟೇಬಲ್ ಮೇಲಿದೆ. ಇವ್ಯಾಪೊರೇಟರ್‌ನಲ್ಲಿ, ಅಂದರೆ ರಸ ಕುದಿಸಿ ಗಟ್ಟಿ ಮಾಡುವ ಪಾತ್ರೆಯಲ್ಲಿ, ಕಬ್ಬಿನ ರಸದ ಉಷ್ಣತೆ ನೋಡಲು ಹಾಕಿದ್ದು. ಸ್ಟೀಲ್ ಕೊಳವೆಯೊಳಗೆ ಗಾಜಿನ ಎಳೆ (ಆಪ್ಟಿಕಲ್ ಫೈಬರ್), ಅದರಲ್ಲಿ ಓಡುವ ಬೆಳಕು ಬದಲಾಗುವುದನ್ನು ನೋಡಿ ಉಷ್ಣತೆ ಲೆಕ್ಕ ಹಾಕುತ್ತೇವೆ. ಕೊಳವೆ ಮಂಕಾಗಿದೆ. ಗ್ಯಾಸ್ಕೆಟ್ ಕೂರುವ ಅಂಚಿನಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆ, ಅದರ ಕೆಳಗೆ ತೂತು.

"ಸ್ಟೇನ್‌ಲೆಸ್ ಅಂದಿದ್ರಿ, ಇದಕ್ಕೂ ಜಂಗು ಹಿಡೀತಲ್ರೀ ಸರ್?" ಅಂದರು ಅಲ್ಲಿನ ಇಂಜಿನಿಯರ್.

ತಪ್ಪು ನನ್ನದೇ. ರಸ ಎಷ್ಟು ಬಿಸಿ, ಎಷ್ಟು ಹುಳಿ ಅಂತ ಕೇಳಿ 316ಎಲ್ ಅನ್ನೋ ಸ್ಟೇನ್‌ಲೆಸ್ ಸ್ಟೀಲ್ ಆರಿಸಿದ್ದೆ. ಸಾಮಾನ್ಯ ಸ್ಟೇನ್‌ಲೆಸ್ ಆದ 304ರಲ್ಲಿ ಇಲ್ಲದ 2-3% ಮಾಲಿಬ್ಡಿನಮ್ ಲೋಹ ಇದರಲ್ಲಿದೆ, ಉಪ್ಪಿನ ನೀರನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಹಂಗಾಮಿನ ನಡುವೆ ಪಾತ್ರೆಯೊಳಗಿನ ಗಟ್ಟಿ ಪದರ ತೆಗೆಯಲು ಅಲ್ಲಿ ಕಾಸ್ಟಿಕ್ ಹಾಕುತ್ತಾರೆ, ಆಮೇಲೆ ಹೈಡ್ರೋಕ್ಲೋರಿಕ್ ಆಸಿಡ್. ಅದಕ್ಕೆ 316ಎಲ್ ತಡೆಯಲ್ಲ. ಪಾತ್ರೆ ಉಳಿಯುತ್ತಲ್ಲ ಅನ್ನಬಹುದು. ಅದರ ಗೋಡೆ ದಪ್ಪ, ನಮ್ಮ ಕೊಳವೆಯದು ಕಾಲು ಮಿಲಿಮೀಟರ್.

ಕೊಳವೆ ತೂತಾದರೆ ಏನು, ಒಳಗಿನ ಗಾಜಿನ ಎಳೆಗೆ ಜಂಗು ಹಿಡಿಯಲ್ಲವಲ್ಲ ಅನ್ನಬಹುದು, ನಿಜ. ಆದರೆ ಎಳೆತದಲ್ಲಿರುವ ಗಾಜಿಗೆ ತೇವ ತಾಗಿದರೆ ಕಣ್ಣಿಗೆ ಕಾಣದ ಬಿರುಕು ಬೆಳೆಯುತ್ತಾ ಹೋಗಿ ಒಂದು ದಿನ ಪಟ್ಟನೆ ಮುರಿಯುತ್ತದೆ. ಕೊಳವೆಯ ಬಾಯಿಯನ್ನು ಅಂಟಿನಿಂದ ಮುಚ್ಚಿದರೂ ತೇವ ನಿಧಾನವಾಗಿ ಒಳಗೆ ಇಳಿಯುತ್ತದೆ. ಅದಕ್ಕೇ ನನಗೆ ಲೇಸರ್ ವೆಲ್ಡ್ ಮೇಲೆ ನಂಬಿಕೆ ಜಾಸ್ತಿ.

ಟೈಟೇನಿಯಂ ಹಾಕಿ ಅಂದವರಿದ್ದಾರೆ. ಸಮುದ್ರದ ನೀರಿಗೆ ಅದಕ್ಕಿಂತ ಒಳ್ಳೆಯದು ಕಡಿಮೆ. ಬಿಸಿ ಹೈಡ್ರೋಕ್ಲೋರಿಕ್‌ನಲ್ಲಿ ಮಾತ್ರ ಅದೂ ಸವೆಯುತ್ತದೆ. ಕೊನೆಗೆ ಹ್ಯಾಸ್ಟೆಲಾಯ್ ಸಿ-276 ಅನ್ನೋ ನಿಕ್ಕಲ್ ಮಿಶ್ರಲೋಹದ ಥರ್ಮೋವೆಲ್ (ಸೆನ್ಸರ್ ಕಾಯುವ ಹೊರಗವಸು) ಮಾಡಿಸಿ, ಅದರೊಳಗೆ 316ಎಲ್ ಕೊಳವೆಯನ್ನೇ ಇಳಿಸಿದೆ. ದುಬಾರಿ ಲೋಹ ಆಸಿಡ್ ಮುಟ್ಟುವಲ್ಲಿ ಇದ್ದರೆ ಸಾಕಲ್ವಾ?

ಎಳೆಯನ್ನು ಒಂದೇ ತುದಿಯಲ್ಲಿ ಹಿಡಿಸಿ, ಉಳಿದದ್ದು ಸಡಿಲ ಬಿಟ್ಟಿದ್ದೇನೆ. ಒಂದು ಡಿಗ್ರಿ ಏರಿದರೆ ಒಂದು ಮೀಟರ್ ಉದ್ದದ ಸ್ಟೀಲ್ ಸುಮಾರು 16 ಮೈಕ್ರಾನ್ ಹಿಗ್ಗುತ್ತದೆ, ಗಾಜು ಅರ್ಧ ಮೈಕ್ರಾನ್ ಅಷ್ಟೇ. ಎಳೆಯನ್ನು ಎಳೆದರೂ ಬೆಳಕು ಬದಲಾಗುತ್ತದೆ, ಹಾಗಾಗಿ ಎರಡೂ ಕಡೆ ಬಿಗಿದರೆ ಸ್ಟೀಲಿನ ಎಳೆತವೂ ಉಷ್ಣತೆಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಈಗ ಆರ್ಡರ್ ಬಂದರೆ ತೊಳೆಯುವ ತಂಡದ ಮೇಸ್ತ್ರಿಗೂ ಒಂದು ಫೋನ್ ಮಾಡುತ್ತೇನೆ. ಯಾವ ಆಸಿಡ್, ಎಷ್ಟು ಬಿಸಿ, ಎಷ್ಟು ತಾಸು ಅಂತ.