ಡಬಲ್ ಕ್ಲಿಕ್‌ನಿಂದ ಕಮಾಂಡ್‌ವರೆಗೆ

ನಾವು ಮಾಡಿಕೊಟ್ಟ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್‌ ಬಗ್ಗೆ ಅಂಗಡಿಯವರೊಬ್ಬರು ಫೋನ್ ಮಾಡಿದ್ದರು. "ತಾರೀಖಿನ ಪ್ರಕಾರ ಜೋಡಿಸೋಣ ಅಂತ ಹೆಡರ್ ಮೇಲೆ ಎರಡು ಸಲ ಒತ್ತಿದೆ ಸರ್, ಯಾವುದೋ ಬಿಲ್ ತೆರೆದುಕೊಳ್ತು!"

ಅದು ಡಬ್ಲ್ಯೂಪಿಎಫ್ (ವಿಂಡೋಸ್ ಆ್ಯಪ್ ಕಟ್ಟಲು ಮೈಕ್ರೋಸಾಫ್ಟ್ ಕೊಟ್ಟ ಫ್ರೇಮ್‌ವರ್ಕ್) ಆ್ಯಪ್. ಇದರಲ್ಲಿ ಬಟನ್, ಮೆನುಗಳಿಗೆ ಕಮಾಂಡ್ (ಒತ್ತಿದಾಗ ಆಗಬೇಕಾದ ಕೆಲಸ) ಪ್ರಾಪರ್ಟಿ ಇದೆ, ವ್ಯೂಮಾಡೆಲ್‌ನ (ಪರದೆಯ ಹಿಂದೆ ಡೇಟಾ, ಕೆಲಸ ನೋಡಿಕೊಳ್ಳುವ ಕ್ಲಾಸ್) ಕಮಾಂಡನ್ನು ಅದಕ್ಕೆ ಬೈಂಡ್ ಮಾಡಿದರೆ, ಅಂದರೆ ಜೋಡಿಸಿದರೆ, ಮುಗೀತು. ಬಿಲ್‌ಗಳ ಪಟ್ಟಿ ತೋರಿಸುವ ಕೋಷ್ಟಕ, ಅಂದರೆ ಡೇಟಾಗ್ರಿಡ್‌ನ ಡಬಲ್ ಕ್ಲಿಕ್‌ಗೆ ಆ ಸೌಲಭ್ಯ ಇಲ್ಲ. ಅದು ಬರೀ ಈವೆಂಟ್, ಅಂದರೆ 'ಹೀಗಾಯಿತು' ಅನ್ನುವ ಸೂಚನೆ. ಮಧ್ಯೆ ಸೇತುವೆ ಬೇಕು. 2018ರಲ್ಲಿ ಮೈಕ್ರೋಸಾಫ್ಟ್ ಓಪನ್ ಸೋರ್ಸ್ ಮಾಡಿದ ಝಾಮಲ್ (ಡಬ್ಲ್ಯೂಪಿಎಫ್ ಪರದೆ ಬರೆಯುವ ಭಾಷೆ) ಬಿಹೇವಿಯರ್ಸ್ ಲೈಬ್ರರಿಯ ಈವೆಂಟ್‌ಟ್ರಿಗರ್ (ಈವೆಂಟ್ ಗಮನಿಸುವುದು), ಇನ್‌ವೋಕ್‌ಕಮಾಂಡ್‌ಆ್ಯಕ್ಷನ್ (ಕಮಾಂಡ್ ನಡೆಸುವುದು) ಜೋಡಿ ಇದಕ್ಕೇ ಇರುವುದು. ನಾವೂ ಅದನ್ನೇ ಹಾಕಿದ್ದೆವು, ಪ್ಯಾರಾಮೀಟರ್ (ಕಮಾಂಡ್‌ಗೆ ಕೊಡುವ ಮಾಹಿತಿ) ಆಗಿ ಆಯ್ಕೆಯಾದ ಸಾಲನ್ನು ಕೊಟ್ಟಿದ್ದೆವು.

ಎಡವಿದ್ದು ಅಲ್ಲೇ. ಗ್ರಿಡ್‌ನ ಡಬಲ್ ಕ್ಲಿಕ್ ಈವೆಂಟ್ ಸಾಲಿನ ಮೇಲಷ್ಟೇ ಅಲ್ಲ, ಹೆಡರ್ ಮೇಲೆ ಒತ್ತಿದರೂ ಬರುತ್ತದೆ, ಸ್ಕ್ರಾಲ್‌ಬಾರ್ ಮೇಲೆ ಒತ್ತಿದರೂ ಬರುತ್ತದೆ. ಆಗ ಮೊದಲೇ ಆಯ್ಕೆಯಾಗಿದ್ದ ಬಿಲ್ ಕಮಾಂಡ್‌ಗೆ ಹೋಗುತ್ತದೆ.

ತಕ್ಷಣ ಹೊಳೆಯುವ ದಾರಿ, ಈವೆಂಟ್ ಆರ್ಗ್ಸ್ (ಈವೆಂಟ್ ಜೊತೆ ಬರುವ ವಿವರ) ಅನ್ನೇ ವ್ಯೂಮಾಡೆಲ್‌ಗೆ ಕಳಿಸಿ ಅಲ್ಲಿ ಪರಿಶೀಲಿಸುವುದು. ದಯವಿಟ್ಟು ಹಾಗೆ ಮಾಡಬೇಡಿ. ಮೌಸ್ ಎಲ್ಲಿತ್ತು ಅನ್ನುವುದು ಪರದೆಯ ವಿಷಯ. ಅದನ್ನು ವ್ಯೂಮಾಡೆಲ್‌ಗೆ ತಂದರೆ, ಸುಮ್ನೆ ಒಂದು ಟೆಸ್ಟ್ ಬರೆಯೋಕೂ ನಕಲಿ ಮೌಸ್ ಈವೆಂಟ್ ಸೃಷ್ಟಿಸಬೇಕಾಗುತ್ತದೆ.

ನಾವು ಇನ್‌ವೋಕ್‌ಕಮಾಂಡ್‌ಆ್ಯಕ್ಷನ್‌ಗೆ ಆ ವಿವರವನ್ನು ಬಿಲ್ ಆಗಿ ಬದಲಿಸಿಕೊಡುವ ಒಂದು ಪುಟ್ಟ ಈವೆಂಟ್‌ಆರ್ಗ್ಸ್ ಕನ್ವರ್ಟರ್ ಕೊಟ್ಟು, ಆ ಹಳೆಯ ಪ್ಯಾರಾಮೀಟರನ್ನು ತೆಗೆದುಹಾಕಿದೆವು. ಕ್ಲಿಕ್ ಬಿದ್ದ ಜಾಗದಿಂದ ವಿಷುಯಲ್ ಟ್ರೀಯಲ್ಲಿ (ಪರದೆಯ ಭಾಗಗಳು ಒಂದರೊಳಗೊಂದು ಇರುವ ರಚನೆ) ಮೇಲಕ್ಕೆ ಹತ್ತುತ್ತಾ ಡೇಟಾಗ್ರಿಡ್‌ರೋ, ಅಂದರೆ ಗ್ರಿಡ್‌ನ ಸಾಲು, ಸಿಗುತ್ತಾ ಅಂತ ಆ ಕನ್ವರ್ಟರ್ ನೋಡುತ್ತದೆ. ಸಿಕ್ಕಿದರೆ ಆ ಸಾಲಿನ ಬಿಲ್ಲನ್ನು ಕಮಾಂಡ್‌ಗೆ ಕೊಡುತ್ತದೆ, ಇಲ್ಲದಿದ್ದರೆ ನಲ್, ಅಂದರೆ ಖಾಲಿ. ಬಿಲ್ ನಲ್ ಆಗಿದ್ದರೆ ಕಮಾಂಡ್‌ನ ಕ್ಯಾನ್‌ಎಕ್ಸಿಕ್ಯೂಟ್ (ಈಗ ನಡೆಸಬಹುದೇ ಅಂತ ಹೇಳುವ ಭಾಗ) 'ಫಾಲ್ಸ್' ಅನ್ನುತ್ತದೆ, ಹಾಗಾಗಿ ಏನೂ ತೆರೆಯುವುದಿಲ್ಲ. ವ್ಯೂಮಾಡೆಲ್‌ಗೆ ಗೊತ್ತಿರುವುದು ಇಷ್ಟೇ: ಬಿಲ್ ಕೊಟ್ಟರೆ ತೆರೆ. ಅದೇ ಕಮಾಂಡನ್ನು ಆಮೇಲೆ ಕೀಬೈಂಡಿಂಗ್‌ನಿಂದ ಎಂಟರ್ ಕೀಗೂ ಕಟ್ಟಿದೆವು. ಅಲ್ಲಿ ಮಾತ್ರ ಆಯ್ಕೆಯಾದ ಸಾಲನ್ನೇ ಕೊಟ್ಟರೆ ಸರಿ, ಕೀಬೋರ್ಡ್‌ನಲ್ಲಿ ಕೆಲಸ ಮಾಡುವವರ ಕಣ್ಣು ಅದರ ಮೇಲೇ ಇರುತ್ತೆ ಅಲ್ವಾ?

ಹಾಗಂತ ಎಲ್ಲ ಈವೆಂಟನ್ನೂ ಕಮಾಂಡ್ ಮಾಡಬೇಕಿಲ್ಲ. ಟೆಕ್ಸ್ಟ್‌ಬಾಕ್ಸ್‌ಗೆ ಫೋಕಸ್ ಬಂದಾಗ ಇಡೀ ಪಠ್ಯ ಸೆಲೆಕ್ಟ್ ಆಗಬೇಕೇ? ಅದು ಪೂರ್ತಿ ಪರದೆಯ ಕೆಲಸ. ಕೋಡ್‌ಬಿಹೈಂಡ್‌ನಲ್ಲಿ (ಪರದೆಯ ಜೊತೆಗೇ ಇರುವ ಕೋಡ್ ಫೈಲ್) ಬರೆದುಬಿಡಿ. ಕೋಡ್‌ಬಿಹೈಂಡ್ ಖಾಲಿ ಇರಲೇಬೇಕು ಅಂತ ಹಟ ಹಿಡಿದವರ ಪ್ರಾಜೆಕ್ಟ್‌ಗಳಲ್ಲೇ ನಾನು ಜಾಸ್ತಿ ಸಿಕ್ಕು ಬಿಡಿಸಿದ್ದೇನೆ.