ಕಾಲೆತ್ತಿ ಇಡಲಾಗದ ದೃಶ್ಯ

ಸಿನಿಮಾದಲ್ಲಿ ಖಿನ್ನತೆ ಅಂದರೆ ಕಿಟಕಿ, ಮಳೆ, ಕಣ್ಣೀರು. ನನ್ನ ಹತ್ತಿರ ಬರುವವರಲ್ಲಿ ಅಳುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಎಷ್ಟೋ ಜನ ಹೇಳುವುದು ಬೇರೆಯೇ: "ಅಳು ಬಂದ್ರೆ ಸಾಕು ಅನ್ಸುತ್ತೆ ಡಾಕ್ಟ್ರೇ, ಅದೂ ಬರಲ್ಲ."

ಏನೂ ಅನ್ನಿಸದೇ ಇರುವುದನ್ನು ತೆರೆಯ ಮೇಲೆ ತೋರಿಸುವುದು ಕಷ್ಟ. ಲಾರ್ಸ್ ವಾನ್ ಟ್ರಿಯರ್ ಅವರ 2011ರ 'ಮೆಲಂಕೋಲಿಯಾ' ಅದನ್ನು ಸಾಧಿಸಿದೆ. ಅಕ್ಕ ತಂಗಿಗೆ ಸ್ನಾನ ಮಾಡಿಸಲು ನೋಡುತ್ತಾಳೆ. ತೊಟ್ಟಿಯೊಳಗೆ ಇಡಲು ತಂಗಿಗೆ ಕಾಲೇ ಎತ್ತಲಾಗುವುದಿಲ್ಲ. ಇಷ್ಟದ ಅಡುಗೆ ಮಾಡಿಸಿದರೆ, ಬೂದಿ ತಿಂದ ಹಾಗಿದೆ ಅನ್ನುತ್ತಾಳೆ. ಮೈ ಭಾರವಾಗುವುದು, ಯಾವುದರಲ್ಲೂ ರುಚಿ ಇಲ್ಲದಿರುವುದು ಈ ಕಾಯಿಲೆಯ ಮುಖ್ಯ ಲಕ್ಷಣಗಳು. "ಸುಮ್ನೆ ಸೋಮಾರಿತನ" ಅನ್ನುವ ಮನೆಯವರಿಗೆ ಆ ಒಂದು ದೃಶ್ಯ ತೋರಿಸಿಬಿಡೋಣ ಅನ್ನಿಸಿದ್ದುಂಟು.

ಅದೇ ಸಿನಿಮಾದ ಮೇಲೆ ನನಗೊಂದು ತಕರಾರೂ ಇದೆ. ಕೊನೆಗೆ ಒಂದು ಗ್ರಹ ಬಂದು ಭೂಮಿಗೆ ಅಪ್ಪಳಿಸುತ್ತದೆ. ಉಳಿದವರು ಗಾಬರಿಯಾದಾಗ ಕಾಯಿಲೆಯವಳೇ ಶಾಂತವಾಗಿರುತ್ತಾಳೆ. ಅಂದರೆ ಅವಳಿಗೆ ಕಂಡಿದ್ದೇ ಸತ್ಯ ಅಂದ ಹಾಗಾಯಿತು, ಅಲ್ವಾ? ಇಲ್ಲಿ ಕಾಯಿಲೆಗೂ, ಬದುಕಿಗೆ ಅರ್ಥವಿಲ್ಲ ಅನ್ನುವ ತತ್ವಕ್ಕೂ ಗಂಟು ಬಿದ್ದಿದೆ.

ಅದೇ ವರ್ಷದ, ಬೇಲಾ ತಾರ್ ಅವರ 'ದ ಟ್ಯೂರಿನ್ ಹಾರ್ಸ್' ನೋಡಿ. ಬಿರುಗಾಳಿ, ಬೇಯಿಸಿದ ಆಲೂಗಡ್ಡೆ, ಅಪ್ಪ, ಮಗಳು. ಬಾವಿ ಬತ್ತುತ್ತದೆ, ಕೊನೆಗೆ ದೀಪವೂ ಹತ್ತುವುದಿಲ್ಲ. ಅಷ್ಟು ಕತ್ತಲೆಯ ಸಿನಿಮಾ ಇನ್ನೊಂದು ಸಿಗುವುದು ಕಷ್ಟ. ಆದರೂ ಅವರಿಬ್ಬರನ್ನು ನಾನು ರೋಗಿಗಳು ಅನ್ನುವುದಿಲ್ಲ. ದಿನಾ ಏಳುತ್ತಾರೆ, ಬಟ್ಟೆ ಹಾಕಿಕೊಳ್ಳುತ್ತಾರೆ, ಕೆಲಸ ನೋಡುತ್ತಾರೆ. ಬದುಕಿಗೆ ಅರ್ಥವಿಲ್ಲ ಎಂದು ನಂಬಿದವರು ಗೆಳೆಯರ ಜೊತೆ ಅದರ ಬಗ್ಗೆಯೇ ರಾತ್ರಿಯಿಡೀ ಜಗಳವಾಡಬಲ್ಲರು, ನಗಬಲ್ಲರು. ಖಿನ್ನತೆಯಲ್ಲಿ ಆ ಜಗಳಕ್ಕೂ ತ್ರಾಣ ಇರುವುದಿಲ್ಲ. ಜೊತೆಗೆ ಕತ್ತಲೆಯೆಲ್ಲ ತನ್ನ ಮೇಲೇ ಬೀಳುತ್ತದೆ: ನಾನೇ ದಂಡ, ನನ್ನಿಂದ ಎಲ್ಲರಿಗೂ ಭಾರ. ಇಂಥ ಸ್ಥಿತಿ 2 ವಾರ ದಾಟಿದರೆ ಡಾಕ್ಟರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಅಷ್ಟು ದಿನವೂ ಕಾಯಬಾರದು.

ಇನ್ನು ಗುಣವಾಗುವುದು. ಸಿನಿಮಾದಲ್ಲಿ ಒಂದು ಅಪ್ಪುಗೆ ಸಾಕು. ನಿಜದಲ್ಲಿ ಮಾತ್ರೆಗಳು ಕೆಲಸ ತೋರಿಸಲು ಕೆಲವು ವಾರಗಳೇ ಬೇಕು. ಎಷ್ಟೋ ಸಲ ಮೊದಲು ನಿದ್ದೆ ಸರಿಹೋಗುತ್ತದೆ, ಮನಸ್ಸು ಆಮೇಲೆ. ರೋಗಿ ಇನ್ನೂ "ಏನೂ ವ್ಯತ್ಯಾಸ ಇಲ್ಲ" ಅನ್ನುತ್ತಿರುವಾಗಲೇ, ಪಕ್ಕದಲ್ಲಿ ಕೂತ ಹೆಂಡತಿ ಮೆಲ್ಲಗೆ ಹೇಳುತ್ತಾರೆ: "ನಿನ್ನೆ ಟೀವಿ ರಿಮೋಟ್ ಎಲ್ಲಿ ಅಂತ ಕೇಳಿದ್ರು, ಡಾಕ್ಟ್ರೇ."